ಸರ್ಕಾರದ ಕೇಸು, ಚಿಕ್ಕಮ್ಮನ ಮಗ

ಇವತ್ತು ಹಿಂದೂಪುರದ ಕೋರ್ಟಿನಲ್ಲಿ ನಮ್ಮ ಚಿಕ್ಕಮ್ಮನನ್ನು ಹೊರಗೆ ಕಳಿಸಿಬಿಟ್ಟರು ಕಣ್ರಪ್ಪಾ. ವಿಚಾರಣೆ ಅವಳ ಮಗನ ಸಾವಿನದ್ದೇ. ತಾನು ನೇಯ್ದ ಸೀರೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದವನ ಮೇಲೆ ಲಾರಿ ಹತ್ತಿತ್ತು.

"ನೀವಿಬ್ರೂ ಸಾಕ್ಷಿಗಳು. ಕರೆಯೋವರ್ಗೂ ಒಳಗೆ ಬರಂಗಿಲ್ಲ," ಅಂದರು ಸರ್ಕಾರಿ ವಕೀಲರು. ಹೆಣ ಗುರುತಿಸಿದ್ದಕ್ಕೆ ನಾನೂ ಸಾಕ್ಷಿ.

"ಕೇಸು ನಮ್ದೇ ಅಲ್ವಾ ಸಾಮೀ?" ಅಂದಳು ಚಿಕ್ಕಮ್ಮ.

"ಕೇಸು ಸರ್ಕಾರದ್ದು ಕಣಮ್ಮಾ."

"ಸತ್ತಿದ್ದು ಸರ್ಕಾರದ ಮಗನಾ?"

ಅವರು ಫೈಲು ಎತ್ತಿಕೊಂಡು ಒಳಗೆ ಹೋದರು. ಜಾಮೀನಿನ ಮೇಲಿರುವ ಆ ಲಾರಿ ಡ್ರೈವರು ನಮ್ಮೆದುರೇ ಒಳಗೆ ಹೋದ. ಸಾಯಂಕಾಲದವರೆಗೂ ವರಾಂಡದಲ್ಲಿ ಕೂತ ನಮಗೆ ಕೇಳಿಸಿದ್ದು ಟೈಪ್‌ರೈಟರ್ ಸದ್ದೊಂದೇ. ಕೊನೆಗೆ ಅಟೆಂಡರು ಬಂದು, "ವಾಯಿದಾ ವೇಶಾರು, ವೆಳ್ಳಂಡಿ," ಅಂತ ತೆಲುಗಿನಲ್ಲಿ ಅಂದ. ಕೇಸು ಮುಂದಕ್ಕೆ ಹಾಕಿದ್ದಾರೆ, ಹೊರಡಿ ಅಂತ. ನಮ್ಮನ್ನು ಕರೆಯಲೇ ಇಲ್ಲ. ಇನ್ನೊಂದು ದಿನ ಬರಬೇಕಂತೆ.

ಊರಿಗೆ ಹೋಗೋಕೆ ಸೋಮಂದೇಪಲ್ಲಿ ಬಸ್ಸು ಹತ್ತಿದರೆ ನಮ್ಮ ಮುಂದಿನ ಸೀಟಲ್ಲೇ ಆ ಡ್ರೈವರು. ನಾನು ಮುಖ ತಿರುಗಿಸಿಕೊಂಡೆ. ಚಿಕ್ಕಮ್ಮ ಅವನ ಭುಜ ತಟ್ಟಿದಳು.

"ಒಳಗೆ ಏನಂದ್ರು ಕಣಪ್ಪ?"

ಅವನಿಗೆ ತಿರುಗಿ ನೋಡಲಾಗಲಿಲ್ಲ. "ನಿಮ್ಮ ಮಗ ಕುಡಿದಿದ್ದ ಅಂತ ನಮ್ಮ ವಕೀಲ್ರು ಅಂದ್ರಮ್ಮಾ."

ಚಿಕ್ಕಮ್ಮ ಅವನ ಸೀಟಿನ ಕಡೆ ಬಾಗಿದಳು. ಮೆಲ್ಲಗೆ ಹೇಳಿದಳು: "ಅವ್ನು ಕುಡೀತಿರ್ಲಿಲ್ಲ ಕಣಪ್ಪ. ನನ್ನ ಒಳಕ್ಕೆ ಬಿಡಾಕಿಲ್ಲ. ನೀನಾದ್ರೂ ಹೇಳ್ಬುಡು."

ನೋಡ್ರಪ್ಪಾ, ಸರ್ಕಾರದ ಕೇಸಲ್ಲಿ ನಮ್ಮ ಕಡೆ ಮಾತಾಡೋಕೆ ಕೊನೆಗೆ ಸಿಕ್ಕಿದವನು ಅವನೊಬ್ಬ.