ನೂರಾ ಇಪ್ಪತ್ತು ಪಾಯಿಂಟ್ ಹವಾ

ನವನಗರದ ಸೈಕಲ್ ಕ್ಲಬ್ಬಿನಲ್ಲಿ ಶಂಕರಲಿಂಗ ಹೇಳಿದ್ದೇ ಕಾನೂನು. ಇಪ್ಪತ್ತೆರಡು ವರ್ಷದಿಂದ ರೇಸಿಗೆ ಹುಡುಗ ಹುಡುಗಿಯರನ್ನು ತಯಾರು ಮಾಡುತ್ತ ಬಂದ ಮನುಷ್ಯ. ಬೆಳಿಗ್ಗೆ ಪಂಪು ಹಿಡಿದು ನಿಂತನೆಂದರೆ ಎಲ್ಲ ಟೈರಿಗೂ ನೂರಾ ಇಪ್ಪತ್ತು ಪಾಯಿಂಟ್ ಹವಾ. ದಪ್ಪನೆಯವನಿಗೂ ಅಷ್ಟೇ, ಸಣಕಲು ಹುಡುಗಿಗೂ ಅಷ್ಟೇ. "ಟೈರ್ ಕಲ್ಲಿನಂಗ ಇದ್ರನ ಓಡ್ತೈತಿ" ಎಂದು ಅವನಿಗೆ ಕಲಿಸಿದವರು ಹೇಳಿದ್ದರು. ಅವನೂ ಅದನ್ನೇ ಹೇಳುತ್ತಿದ್ದ.

ಹೋದ ಶ್ರಾವಣದಲ್ಲಿ ಹೊಸ ಟೈರಿನ ಡಬ್ಬಿಯಲ್ಲಿ ಒಂದು ಚೀಟಿ ಬಂತು. ಸವಾರರ ತೂಕ ಇಷ್ಟಿದ್ದರೆ ಹವಾ ಇಷ್ಟು ಎಂಬ ಪಟ್ಟಿ. ನಲವತ್ತೆಂಟು ಕೇಜಿಯ ಎದುರು ತೊಂಬತ್ತು ಎಂದಿತ್ತು. ಮುದ್ರಣದ ತಪ್ಪಿರಬೇಕೆಂದು ಪಕ್ಕಕ್ಕಿಟ್ಟ. ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಭಾನುವಾರ ಒಬ್ಬನೇ ಮಹಾಕೂಟದ ಇಳಿಜಾರಿಗೆ ಹೋಗಿ ನೋಡಿಯೇಬಿಟ್ಟ. ಬಿಗಿ ಹವಾದಲ್ಲಿ ಇಳಿದಾಗ ತಿರುವಿನ ಗರಸುಕಲ್ಲಿನ ಮೇಲೆ ಚಕ್ರ ಪುಟಿದು ಪಕ್ಕಕ್ಕೆ ಸರಿಯಿತು. ಪಟ್ಟಿಯಲ್ಲಿ ತನ್ನ ತೂಕಕ್ಕಿದ್ದಷ್ಟು ಹವಾ ಇಳಿಸಿಕೊಂಡು ಮತ್ತೆ ಬಂದಾಗ ಅದೇ ಚಕ್ರ ನೆಲ ಬಿಡಲಿಲ್ಲ. ತುಳಿಯದೆ ಬಿಟ್ಟರೂ ಸೈಕಲ್ಲು ಮೊದಲಿಗಿಂತ ಮುಂದೆ ಹೋಗಿ ನಿಂತಿತು. ಐದು ಸಲ ನೋಡಿದ, ಐದು ಸಲವೂ ಹಾಗೆಯೇ ಆಯಿತು. ಆಮೇಲೆ ಬೇಲಿಯ ಪಕ್ಕ ಕುಳಿತುಬಿಟ್ಟ.

ಏಳು ವರ್ಷದ ಹಿಂದೆ ಇದೇ ತಿರುವಿನಲ್ಲಿ ಇಳಕಲ್ಲಿನ ನೇಕಾರ ಕಳಕಪ್ಪನ ಮಗಳು ಸುನಂದಾ ಬಿದ್ದಿದ್ದಳು. ಅವಳಿಗಾಗ ಹದಿನೇಳು ವರ್ಷ, ನಲವತ್ತೆಂಟು ಕೇಜಿ. ಆ ಬೆಳಿಗ್ಗೆ ಅವಳು ಕೇಳಿದ್ದಳು: "ಸರ್, ಟೈರ್ ಭಾಳ ಪುಟೀತಾವ್ರಿ. ಒಂದೀಟು ಹವಾ ಬಿಡ್ಲೇನ್ರಿ?" "ಸುಮ್ನ ಹತ್ತು" ಎಂದು ಗದರಿದ್ದ. ಬಲ ಮೊಣಕೈ ಮುರಿಯಿತು. ದವಾಖಾನೆಯಲ್ಲಿ ಅವಳ ಅಪ್ಪ ಅವ್ವನ ಎದುರಿಗೆ, "ತಿರುವಿನ್ಯಾಗ ಬ್ರೇಕ್ ಒತ್ತ್ಯಾಳ, ಮತ್ತೇನಾಗ್ತೈತಿ" ಎಂದ. ಹುಡುಗಿ ಗೋಡೆ ನೋಡುತ್ತ ಮಲಗಿದ್ದಳು.

ಇಳಿಜಾರಿನಿಂದ ಬಂದ ಮೇಲೂ ಮೂರು ವಾರ ಅವನು ನೂರಾ ಇಪ್ಪತ್ತೇ ಹಾಕಿದ. ಕ್ಲಬ್ಬಿನಲ್ಲಿ ಹವಾ ಇಳಿಸಿದರೆ ಯಾಕೆಂದು ಕೇಳುತ್ತಾರೆ, ಇಳಿಸದಿದ್ದರೆ ಇನ್ನೊಬ್ಬಳು ಬೀಳುತ್ತಾಳೆ. ಕೊನೆಗೆ ಇಳಿಸಿದ, ಕಾರಣ ಹೇಳಲಿಲ್ಲ. ಮರುದಿನ ಇಳಕಲ್ಲಿನ ಬಸ್ಸು ಹತ್ತಿದ. ನಡುದಾರಿಯ ಹುನಗುಂದದಲ್ಲಿ ಇಳಿದು, ಊರಿಗೆ ತಿರುಗಿ ಹೋಗುವ ಬಸ್ಸಿನಲ್ಲಿ ಕುಳಿತೂ ಬಿಟ್ಟಿದ್ದ. ಕಂಡಕ್ಟರ್ ಟಿಕೆಟ್ ಕೇಳಿದಾಗ ನಾಚಿಕೆಯಾಗಿ ಕೆಳಗಿಳಿದು, ಮತ್ತೆ ಇಳಕಲ್ಲಿನ ಬಸ್ಸನ್ನೇ ಹಿಡಿದ.

ಸುನಂದಾ ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ಎಡಗೈಯಿಂದ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬಲಗೈ ಪೂರ್ತಿ ಚಾಚುತ್ತಿರಲಿಲ್ಲ. ತಾಯಿ ಸಿದ್ದವ್ವ ಚಹಾ ತಂದು, "ಈಕೀದು ಇನ್ನೂ ಹಂಗ ಐತ್ರಿ ಸರ್. ನಿನ್ನೆ ಹಾಲು ಚೆಲ್ಲಿದ್ಲು, 'ಅಲ್ಲೂ ಬ್ರೇಕ್ ಒತ್ತಿದೇನ' ಅಂದೆ" ಎಂದು ನಕ್ಕಳು. ಆ ಮನೆಯಲ್ಲಿ ಅದು ದಿನದ ಮಾತಾಗಿತ್ತು.

ಸಿದ್ದವ್ವ ಒಳಗೆ ಹೋದ ಮೇಲೆ ಶಂಕರಲಿಂಗ ಹೇಳಿದ: "ತಪ್ಪು ನಂದು, ಸುನಂದಾ. ಹವಾ ಹೆಚ್ಚಾಗಿತ್ತು. ನೀ ಹೇಳಿದ್ದ ಖರೆ ಇತ್ತು."

ರಾಟಿ ನಿಂತಿತು. "ನಾ ಬ್ರೇಕ್ ಮುಟ್ಟಿದ್ದಿಲ್ರಿ" ಎಂದಳು. "ಆವತ್ತ ಗೊತ್ತಿತ್ತು. ಎಲ್ಲಾರೂ ಅಂದು ಅಂದು, ಒತ್ತಿದ್ನೇನೋ ಅಂತ ನನಗೂ ಅನಸಾಕತ್ತಿತ್ತು." ಕಂಡಿಕೆ ಬದಿಗಿಟ್ಟು, "ನನಗ ಹೇಳಿದ್ರ ಏನ್ ಬಂತ್ರಿ? ಅಪ್ಪಗ ಹೇಳ್ರಿ" ಎಂದಳು.

ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಕಳಕಪ್ಪ ಶಂಕರಲಿಂಗ ಹೇಳಿದ್ದನ್ನೆಲ್ಲ ಕೇಳಿ ಕೈ ಮುಗಿದ. "ನಿಮ್ಮಂಥಾ ದೊಡ್ಡ ಮನಸ್ಸು ಯಾರಿಗೈತ್ರಿ ಸರ್? ನಮ್ಮ ಹುಡುಗಿ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕ ಇಲ್ಲೀತನಾ ಬಂದೀರಿ."

"ದೊಡ್ಡ ಮನಸ್ಸಲ್ರೀ ಕಳಕಪ್ಪಾರ. ನಾ ಸುಳ್ಳು ಹೇಳಿದ್ದೆ."

"ಬಿಡ್ರಿ, ಬಿಡ್ರಿ. ಏ, ಸರ್‌ಗ ಊಟಕ್ಕ ನೀಡು!"

ಶಂಕರಲಿಂಗ ಎಷ್ಟು ಹೇಳಿದನೋ ಅಷ್ಟು ದೊಡ್ಡವನಾದ. ರೊಟ್ಟಿಯ ತಾಟಿನ ಮುಂದೆ ತಲೆ ತಗ್ಗಿಸಿ ಕುಳಿತವನನ್ನು ಸುನಂದಾ ಬಾಗಿಲಲ್ಲಿ ನಿಂತು ನೋಡಿದಳು. ಇಷ್ಟು ವರ್ಷ ತನ್ನ ಮಾತು ಯಾರೂ ನಂಬದಾಗ ಹೇಗಿತ್ತೆಂದು ಅವಳು ಹೇಳಬೇಕಾಗಿರಲಿಲ್ಲ. ಹೊರಡುವಾಗ ಓಣಿಯ ತನಕ ಬಂದು, "ಮತ್ತ ಬರ್ರಿ. ನಂಬೂ ತನಕ ಹೇಳ್ರಿ" ಎಂದಳು.

ಅವನು ಮತ್ತೆ ಹೋದ. ದೀಪಾವಳಿಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ. ಎರಡೂ ಸಲ ಕೈಮುಗಿತ, ಎರಡೂ ಸಲ ಊಟ. ಸಂಕ್ರಾಂತಿಯ ಮರುದಿನ ನಾಲ್ಕನೆಯ ಸಲ ಹೋದಾಗ ಕಳಕಪ್ಪ "ಬರ್ರಿ" ಎನ್ನಲಿಲ್ಲ. ಲಾಳಿ ಆಡಿಸುತ್ತಲೇ ಇದ್ದ. ಚಹಾ ಬರಲಿಲ್ಲ. ಸಿದ್ದವ್ವ ಕಂಬಕ್ಕೆ ಒರಗಿ ನಿಂತು ಅವನನ್ನು ದುರುಗುಟ್ಟಿ ನೋಡಿದಳು. ಕಳಕಪ್ಪ ತಲೆ ಎತ್ತದೆ, "ಏಳು ವರ್ಷ ಆಕೀಗೇ ಅಂದ್ವಿ, ಸರ್" ಎಂದ.

"ಹೌದ್ರಿ" ಎಂದು ಶಂಕರಲಿಂಗ ನಿಂತೇ ಇದ್ದ. ಕೂರಲು ಯಾರೂ ಹೇಳಲಿಲ್ಲ.