ಬುಗುಡಿಯ ಮೇಲಿನ ಅಪವಾದ

ಎಡಗಿವಿ ನೋಯಲು ಶುರುವಾದ ದಿನವೇ ನಮ್ಮ ಮನೆಯಲ್ಲಿ ತೀರ್ಪು ಹೊರಬಿತ್ತು: ತಪ್ಪು ನನ್ನ ಬುಗುಡಿಯದು. ಡಾಕ್ಟರೂ ಇಲ್ಲ, ಪರೀಕ್ಷೆಯೂ ಇಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕಿವಿ ಹಿಡಿದುಕೊಂಡು "ಯವ್ವಾ!" ಎಂದೆ, ಅಷ್ಟೇ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ನಾ ಹೇಳಿದ್ದಿಲ್ಲ? ತಗಿ ಅವನ್ನ."

ಆ ಬುಗುಡಿಗಳು ನನ್ನ ಅವ್ವನವು. ನನ್ನ ಗಂಡ ತೀರಿಕೊಂಡಾಗ ಕೈ, ಕಾಲು, ಕೊರಳು, ಕಿವಿಯಲ್ಲಿದ್ದುದನ್ನೆಲ್ಲ ತೆಗೆಸಿದ್ದರು. ಗಂಡನಿಲ್ಲದವಳು ಕಿವಿಯ ಮೇಲಂಚಿಗೆ ಬುಗುಡಿ ಹಾಕಬಾರದೆಂಬುದು ಅತ್ತೆಯ ಮನೆತನದ ಪದ್ಧತಿ. ಆಗ ಎದುರು ಮಾತಾಡುವ ತ್ರಾಣ ನನಗಿರಲಿಲ್ಲ. ಆರು ವರ್ಷದ ಮೇಲೆ, ಕುಷ್ಟಗಿಯ ತವರಿನಲ್ಲಿ ಅವ್ವ ಹಾಸಿಗೆ ಹಿಡಿದಾಗ, ತನ್ನ ಕಿವಿಯಿಂದಲೇ ತಿರುಪು ಬಿಚ್ಚಿ ಅವನ್ನು ನನ್ನ ಅಂಗೈಯಲ್ಲಿಟ್ಟಳು. "ಪೆಟ್ಟಿಗ್ಯಾಗ ಮುಚ್ಚಿಡಾಕ ಕೊಡಾಕತ್ತಿಲ್ಲ ನಾ. ಹಾಕ್ಕೊ," ಎಂದಳು. ಅವ್ವ ತೀರಿಕೊಂಡು ದಿನಕರ್ಮ ಮುಗಿದ ಮರುವಾರ ಚಿನ್ನದ ಕೆಲಸದ ಪತ್ತಾರರ ಅಂಗಡಿಯಲ್ಲಿ ಕೂತು, ಮುಚ್ಚಿಹೋಗಿದ್ದ ತೂತುಗಳನ್ನು ಮತ್ತೆ ಚುಚ್ಚಿಸಿಕೊಂಡು, ಬುಗುಡಿ ಹಾಕಿಕೊಂಡೇ ಗಂಡನ ಊರು ಅಳವಂಡಿಯ ಬಸ್ಸು ಹತ್ತಿದೆ. ಅತ್ತೆ ಎರಡು ದಿನ ನಾನು ಬಡಿದ ರೊಟ್ಟಿ ಮುಟ್ಟಲಿಲ್ಲ. ಮೂರನೆಯ ದಿನ ಹಸಿವು ತಾಳದೆ ಮುಟ್ಟಿದರು.

ಅದಾಗಿ ಎರಡು ತಿಂಗಳಿಗೆ ಈ ನೋವು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಿವಿ ನೋಡಿ ತಲೆ ಅಲ್ಲಾಡಿಸಿ ಹೋದರು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು. ಮೆಡಿಕಲ್ ಶಾಪಿನ ಹನಿ ಔಷಧವನ್ನೂ ಬಿಟ್ಟಾಯಿತು. ಕಿವಿ ತುಂಬಿತೇ ಹೊರತು ನೋವು ಇಳಿಯಲಿಲ್ಲ. ಖಡಕ್ ರೊಟ್ಟಿ ಕಡಿದರಂತೂ ಕಿವಿಯೊಳಗೆ ದಬ್ಬಣ ಆಡಿಸಿದಂತಾಗುತ್ತಿತ್ತು.

"ಬುಗುಡಿದ ತಪ್ಪಂದ್ರ ಬಲಗಿವಿ ಯಾಕ ಸುಮ್ನ ಕುಂತೈತ್ರಿ ಅತ್ತಿ? ಅದೇನು ಪುಣ್ಯ ಮಾಡೈತಿ?" ಎಂದು ಕೇಳಿದೆ.

"ಅದರ ಪಾಳಿನೂ ಬರ್ತೈತಿ, ತಡಿ."

ನಿಜ ಹೇಳುತ್ತೇನೆ, ಒಳಗೊಳಗೆ ನಾನೂ ಹೆದರಿದ್ದೆ. ಇವರು ಹೇಳುವುದೇ ಖರೆ ಇದ್ದರೆ? ಒಂದು ಮಧ್ಯಾಹ್ನ ತಿರುಪಿಗೆ ಕೈ ಹಾಕಿಯೂ ಇದ್ದೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿರುವುದು ಕಂಡಿತು. ಕೈ ಕೆಳಗಿಳಿಸಿದೆ. ನನಗೆ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

"ಕೊಪ್ಪಳಕ್ಕ ಹೋಗೂಣ ನಡೀರಿ," ಎಂದೆ. "ಇದು ಬುಗುಡಿಲಿಂದ ಆಗೈತಿ ಅಂತ ಡಾಕ್ಟರ್ ಅಂದ್ರ ಅಲ್ಲೇ ತಗದು ನಿಮ್ಮ ಕೈಯಾಗ ಕೊಡ್ತೀನಿ, ಮತ್ತ ಕೇಳಂಗಿಲ್ಲ. ಅಲ್ಲ ಅಂದ್ರ, ಈ ಮನ್ಯಾಗ ಬುಗುಡಿ ಮಾತು ಯಾರೂ ತಗೀಬಾರ್ದು."

ಅತ್ತೆ ಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿದ್ದರು.

ಕಿವಿ ಡಾಕ್ಟರು ದೀಪ ಹಿಡಿದು ಒಳಗೆ ನೋಡಿದರು. ಬುಗುಡಿಯ ತೂತನ್ನೂ ಒತ್ತಿ ನೋಡಿದರು.

"ಕಿವಿ ಛಲೋ ಐತಿ. ತೂತೂ ಮಾಯ್ದೈತಿ. ನೋವು ಯಾವಾಗ ಜಾಸ್ತಿ?"

"ರೊಟ್ಟಿ ತಿನ್ನೂಮುಂದ್ರಿ."

"ಅಲ್ರಿ, ಕಿವಿಲೆ ರೊಟ್ಟಿ ತಿಂತೀರೇನು? ಹಲ್ಲಿನ ಡಾಕ್ಟರ್ ಕಡೆ ಹೋಗ್ರಿ."

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಉಕ್ಕಿನ ಕಡ್ಡಿಯಿಂದ ನನ್ನ ಎಡ ದವಡೆಯ ಕಟ್ಟಕಡೆಯ ಹಲ್ಲಿಗೆ ಟಕ್ಕೆಂದು ಬಡಿದಳು. ಕುರ್ಚಿಯಿಂದ ಎಗರಿಬಿದ್ದೆ, ಕೈ ತಾನಾಗಿ ಕಿವಿಗೆ ಹೋಯಿತು.

"ನೋಡ್ರಿ ಅಮ್ಮಾ," ಎಂದು ಆಕೆ ನಕ್ಕಳು, "ಹುಳುಕು ಹಲ್ಲಾಗೈತಿ, ನೋವು ಕಿವ್ಯಾಗ. ಒಂದ ಕಂಬದಿಂದ ಎರಡು ಮನಿಗೆ ವೈರ್ ಎಳದಂಗ ಇದು. ಯಾವ ಮನ್ಯಾಗ ಸುಟ್ಟೈತಿ ಅಂತ ತಲಿಗೆ ಗೊತ್ತಾಗಂಗಿಲ್ಲ."

ನಾನು ತಿರುಗಿ ಅತ್ತೆಯನ್ನು ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು. ಎದ್ದು ಕುಣಿಯಬೇಕೆನ್ನಿಸಿತು. ಆಗ ಆ ಹುಡುಗಿ ಹೇಳಿದಳು: "ಎಕ್ಸ್‌ರೇ ತಗೀಬೇಕು. ಕಿವ್ಯಾಗಿನವು ಎಲ್ಲಾ ಬಿಚ್ರಿ."

ನಾನಿನ್ನೂ ತಿರುಪಿಗೆ ಕೈ ಹಾಕಿರಲಿಲ್ಲ, ಅತ್ತೆಯ ಅಂಗೈ ನನ್ನ ಮುಂದೆ ಬಂದಿತ್ತು. ಬೇರೆ ದಾರಿ ಇರಲಿಲ್ಲ, ಕೊಟ್ಟೆ. ಬುಗುಡಿಗಳು ಚಂಚಿಯೊಳಗೆ ಹೋದವು.

ಹಲ್ಲು ಕಿತ್ತಾಯಿತು. ಒಂದು ತಾಸು ಹತ್ತಿ ಕಚ್ಚಿಕೊಂಡಿರಬೇಕು, ಮಾತಾಡಬಾರದು ಎಂದು ಹೇಳಿ ಕಳಿಸಿದರು. ಹೊರಗೆ ಬಂದವಳೇ ಅತ್ತೆಯ ಮುಂದೆ ಕೈ ಚಾಚಿದೆ.

"ಮನಿಗೆ ಹೋದಮ್ಯಾಲೆ ಕೊಡ್ತೀನಿ ತಗೊ. ಬಾವು ಇಳೀಲಿ."

ಮನೆಗೆ ಹೋದ ಮೇಲೆ ಅವು ಅತ್ತೆಯ ಪೆಟ್ಟಿಗೆ ಸೇರುತ್ತವೆ, ಪೆಟ್ಟಿಗೆಗೆ ಬೀಗ ಬೀಳುತ್ತದೆ. ನನಗೇನು ಗೊತ್ತಿಲ್ಲವೇ? ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ, ಕೈ ಚಾಚಿಕೊಂಡೇ. ಅಳವಂಡಿಯ ಬಸ್ಸು ಬಂತು. ಅತ್ತೆ ಎದ್ದರು, ನಾನು ಏಳಲಿಲ್ಲ. ಬಸ್ಸು ಹೋಯಿತು. ಎರಡನೆಯದೂ ಹೋಯಿತು. ಜನ ನೋಡುತ್ತಿದ್ದರು. ನೋಡಲಿ!

"ಏನು ಹಟ ಇದು!" ಎಂದು ಗದರಿದ ಅತ್ತೆಯ ದನಿ ಇದ್ದಕ್ಕಿದ್ದಂತೆ ಒಡೆಯಿತು. "ನಿಮ್ಮ ಮಾವ ಹೋದಾಗಿಂದ ಮೂವತ್ತು ವರ್ಷ ಬರೇ ಕಿವಿಲೆ ಅದೀನಿ ನಾ. ನನಗೇನು ಆಸೆ ಇದ್ದಿದ್ದಿಲ್ಲ?"

ಅವರ ಕಿವಿಯ ಮೇಲಂಚನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ತೂತಿದ್ದ ಜಾಗದಲ್ಲಿ ಚಿಕ್ಕದೊಂದು ಗುಳಿ ಉಳಿದಿತ್ತು. ಆದರೆ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ರಕ್ತದ ಹತ್ತಿಯನ್ನು ಬಾಯಿಂದ ತೆಗೆದು, ಮರಗಟ್ಟಿದ ತುಟಿಯಲ್ಲೇ ಹೇಳಿದೆ: "ಹಂಗಾರ ನಿಮಗೂ ಚುಚ್ಚಸೂಣ ನಡೀರಿ. ಇಲ್ಲೇ ಅದಾರ ಪತ್ತಾರ್ರು."

"ಥೂ, ಹುಚ್ಚಿ! ಬಾಯಿ ಮುಚ್ಚು ಮೊದ್ಲ, ರಕ್ತ ಸೋರಾಕತ್ತೈತಿ!"

ಬೈಯುತ್ತಲೇ ಚಂಚಿ ಬಿಚ್ಚಿದರು. ಎಲೆ, ಅಡಿಕೆ, ತಂಬಾಕಿನ ನಡುವಿನಿಂದ ಒಂದೊಂದೇ ಹೆಕ್ಕಿ, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಹಾಕಿದರು. ಕನ್ನಡಿ ಇಲ್ಲದೆ, ಅಷ್ಟು ಜನರ ನಡುವೆ, ಎರಡೂ ಕಿವಿಗೆ ಹಾಕಿಕೊಂಡೆ.

ಮೂರನೆಯ ಬಸ್ಸು ಹತ್ತಿದೆವು. ಊರು ದಾಟುವವರೆಗೆ ಅತ್ತೆ ಚಂಚಿಯ ದಾರ ಬಿಗಿಯುತ್ತ ಕೂತರು. ಆಮೇಲೆ ಮೆಲ್ಲಗೆ, "ಎಡಗಡಿದು ಸೊಟ್ಟ ಆಗೈತಿ," ಎಂದರು.

ನಾನು ಸರಿಮಾಡಿಕೊಳ್ಳಲಿಲ್ಲ. ಅಳವಂಡಿ ಬರುವವರೆಗೂ ಆ ಕಿವಿಯನ್ನೇ ಅವರ ಕಡೆ ಮಾಡಿಕೊಂಡು ಕೂತೆ.