ತಲೆ ನರೆಯದ ತಪ್ಪಿಗೆ

ಬೆಳ್ಳೂರು ಕಡೆಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ಹೊಣಕೆರೆ ದಾರಿಯ ಹೊಂಗೆಮರದಡಿ ಚಿಕ್ಕಮಾದಯ್ಯ ಆಗಲೇ ಕತ್ತಿ ಮಸೆದು ಕೂತಿದ್ದಾರೆ. ಗೋಣಿತಾಟಿನ ಮೇಲೆ ಗಡ್ಡ ಹೆರೆಸಿಕೊಳ್ಳುತ್ತಿರುವ ಚಲುವಯ್ಯನ ತಲೆ ಹತ್ತಿಯಷ್ಟು ಬಿಳುಪು. ಹೆರೆಯುತ್ತಿರುವವರ ತಲೆ ಕಾಡಿಗೆ ಕಪ್ಪು. ಇಬ್ಬರಲ್ಲಿ ದೊಡ್ಡವರು ಯಾರೆಂದರೆ ಯಾರಾದರೂ ಚಲುವಯ್ಯನ ಕಡೆಗೇ ಕೈ ತೋರಿಸುತ್ತಾರೆ. ನಾನೂ ಹಾಗೇ ಮೋಸಹೋದೆ.

ಚಿಕ್ಕಮಾದಯ್ಯನಿಗೆ ಅರವತ್ತಾರು, ಚಲುವಯ್ಯನಿಗಿಂತ ಎಂಟು ವರ್ಷ ಹಿರಿಯರು. ಆದರೆ ಅರವತ್ತೈದು ದಾಟಿದ ಬಡವರಿಗೆಂದು ಸರ್ಕಾರ ಕೊಡುವ ವೃದ್ಧಾಪ್ಯ ವೇತನ ಬರುತ್ತಿರುವುದು ಚಲುವಯ್ಯನಿಗೆ! ಇಬ್ಬರ ಬಳಿಯೂ ಹುಟ್ಟಿದ ದಿನದ ಕಾಗದವಿಲ್ಲ, ತಲೆಯ ಬಣ್ಣವೇ ಸಾಕ್ಷಿ. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ಈ ವರ್ಷ ಚಿಕ್ಕಮಾದಯ್ಯನ ಅರ್ಜಿ ಎರಡು ಸಲ ವಾಪಸು ಬಂದಿದೆ. ತನಿಖೆಗೆ ಬಂದ ಸಾಹೇಬರು ಮೊದಲ ಸಲ ತಲೆ ನೋಡಿ ನಕ್ಕರಂತೆ. ಎರಡನೇ ಸಲ, ಕೂದಲಿನದೇ ಕಸುಬು, ಬಣ್ಣ ಹಚ್ಚುವುದು ನಿನಗೆ ಹೇಳಿಕೊಡಬೇಕೇನಯ್ಯ, ಬಣ್ಣಕ್ಕೆ ಕಾಸಿರುವವನು ಬಡವನೇ ಅಂದರಂತೆ.

ಮುಚ್ಚುಮರೆ ಯಾಕೆ, ನನಗೂ ಅನುಮಾನವೇ. ಪೇಪರಿಗೆ ಬರೆಯುವವನಿಗೆ ಹೆತ್ತಮ್ಮನ ಮೇಲೂ ಅನುಮಾನ. ಮಾತಾಡುತ್ತಲೇ ಅವರ ಉಗುರಿನ ಸಂದಿ ನೋಡುತ್ತೇನೆ, ಕಿವಿಯ ಹಿಂದೆ ಬಗ್ಗಿ ನೋಡುತ್ತೇನೆ. ಅವರಿಗೆ ಅದು ಗೊತ್ತಾಗುತ್ತದೆ. ಬಿಳಿ ವಸ್ತ್ರವೊಂದನ್ನು ಒದ್ದೆ ಮಾಡಿ ತಲೆಯನ್ನು ಗಸಗಸ ಉಜ್ಜಿ ನನ್ನ ಕೈಗೇ ಕೊಡುತ್ತಾರೆ. ಬೆವರಿದೆ, ಎಣ್ಣೆಯಿದೆ, ಬಣ್ಣವಿಲ್ಲ.

"ಗಾಂಧಿ ಸತ್ತಾಗ ನಂಗೆ ಮೀಸೆ ಬಂದಿತ್ತು ಸ್ವಾಮಿ, ಈ ಚಲುವ ಗೋಲಿ ಆಡ್ತಿದ್ದ" ಎನ್ನುತ್ತಾರೆ. "ನಮ್ಮಪ್ಪ ಸಾಯೋಗಂಟ ಅವ್ರ ತಲೇಲಿ ಒಂದು ಬಿಳಿಕೂದ್ಲು ಕಾಣ್ನಿಲ್ಲ. ವಂಸದ ಗುಣ, ಏನ್ ಮಾಡದು?"

ಕೂದಲು ಕಪ್ಪಗಿದ್ದರೂ ಬಲಗೈ ನಡುಗುತ್ತಿದೆ. ಮಧ್ಯಾಹ್ನದವರೆಗೆ ಕಾದರೂ ನಾಲ್ಕೈದು ತಲೆ ಸಿಕ್ಕರೆ ಪುಣ್ಯ. ಹರೆಯದವರೆಲ್ಲ ಕ್ರಾಸಿನ ಸಲೂನಿಗೆ ಹೋಗುತ್ತಾರೆ. ನಡುಗುವ ಕತ್ತಿಗೆ ಕತ್ತು ಕೊಡುವವರು ಚಲುವಯ್ಯನಂಥ ಹಳೇ ಗೆಳೆಯರು ಮಾತ್ರ. ಮಕ್ಕಳಿಲ್ಲದ ಮನೆ. ಕತ್ತಿ ಕೆಳಗಿಡುವ ದಿನದಿಂದ ಅವರಿಗೂ ಹೆಂಡತಿ ಪುಟ್ಟಲಕ್ಷ್ಮಮ್ಮನಿಗೂ ಈ ವೇತನವೇ ಮುದ್ದೆ.

ವಯಸ್ಸಾದ ಎಲ್ಲರಿಗೂ, ಬಡವರು ಉಳ್ಳವರು ಅನ್ನದೆ ಕೊಟ್ಟುಬಿಟ್ಟರೆ ಹೇಗೆ ಎಂದು ಕೇಳುತ್ತೇನೆ. ಬೇಡವೇ ಬೇಡ ಎನ್ನುತ್ತಾರೆ ಚಲುವಯ್ಯ, ಬೊಕ್ಕಸ ಬರಿದಾಗುತ್ತದಂತೆ. ತನ್ನದು ಬರುತ್ತಿರುವವನ ಮಾತು! ಚಿಕ್ಕಮಾದಯ್ಯ ಸರ್ಕಾರದ ಬೊಕ್ಕಸವನ್ನೂ ನಂಬುವುದಿಲ್ಲ, ಊರು ಕೊಡುವ ಭಾಷೆಯನ್ನೂ ನಂಬುವುದಿಲ್ಲ. ಅವರ ಅಜ್ಜನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ರಾಗಿ ಬರುತ್ತಿತ್ತು, ಅದಕ್ಕೆ ಆಯ ಎಂದು ಹೆಸರು. ಕ್ಷೌರ ಮಾಡಿಸಿಕೊಂಡರೂ ಕೊಡಬೇಕು, ಬಿಟ್ಟರೂ ಕೊಡಬೇಕು. ಕೈ ಬಿದ್ದುಹೋದ ಅಜ್ಜನಿಗೂ ಸಾಯುವತನಕ ಬಂತು. ಸೂರ್ಯಚಂದ್ರರಿರುವತನಕ ನಿಲ್ಲದು ಎಂದಿದ್ದರು ಊರಿನವರು. ಅಪ್ಪನ ಕಾಲಕ್ಕೇ ನಿಂತಿತು.

"ಎಲ್ಲ ಮನೇರೂ ಕೊಡೋಗಂಟ ಯಾರ್ಗೂ ಭಾರ ಆಗ್ನಿಲ್ಲ. ಉಳ್ಳೋರು ಎಲ್ಡು ಮನೆ ನಿಲ್ಸುದ್ರು ನೋಡಿ, ಅವ್ರೇ ಕೊಡ್ದೆ ಇದ್ಮೇಲೆ ನಾವ್ಯಾಕೆ ಕೊಡಾನ ಅಂತ ಮಿಕ್ಕೋರೂ ಕೈ ಎತ್ಬುಟ್ರು. ಸರ್ಕಾರದ್ದೂ ಆಯನೇ ಅಲ್ವ? ನಾಳೆ ನಂಗೂ ಬತ್ತದೆ ಅಂದ್ರೆ ಎಲ್ರೂ ಅದ್ನ ಕಾಯ್ತಾರೆ. ನಮ್ಮಂತೋರ್ಗೆ ಮಾತ್ರ ಅಂದ್ರೆ, ಯಾವಾಗ ನಿಲ್ಸಾನ ಅಂತ ನೋಡ್ತಿರ್ತಾರೆ."

ನಾಳೆ ಮೂರನೇ ತನಿಖೆ. ತಲೆಗೆ ಒಂದಿಷ್ಟು ವಿಭೂತಿ ಬಳಿದುಕೋ ಎಂದು ಚಲುವಯ್ಯ ಉಪದೇಶ ಮಾಡುತ್ತಾರೆ.

"ಸುಳ್ಳು ಬಳ್ಕಂಡು ನಿಂತ್ರೆ ಅವ್ರ ಅನುಮಾನನೇ ನಿಜ ಆಯ್ತದೆ ಕಣ್ಲಾ" ಎಂದು ಚಿಕ್ಕಮಾದಯ್ಯ ಗೆಳೆಯನ ಗಲ್ಲ ತಿರುಗಿಸುತ್ತಾರೆ.

ಮರುದಿನ ನಾನು ಹೋಗುವಷ್ಟರಲ್ಲಿ ಮರದ ಬೇರಿಗೆ ಕನ್ನಡಿ ಒರಗಿದೆ. ಗೋಣಿತಾಟಿನ ತುಂಬ ಕರಿಗೂದಲು. ಚಿಕ್ಕಮಾದಯ್ಯ ತಮ್ಮ ತಲೆಯನ್ನು ತಾವೇ ನುಣ್ಣಗೆ ಬೋಳಿಸಿಕೊಂಡಿದ್ದಾರೆ, ಎರಡು ಕಡೆ ಕತ್ತಿ ತಾಗಿ ರಕ್ತ ಒಸರಿದೆ. ಹೆತ್ತವರು ಸತ್ತಾಗ ಬೋಳಿಸುವ ತಲೆಯನ್ನು ಸುಮ್ಮಸುಮ್ಮನೆ ಬೋಳಿಸಿಕೊಂಡರಲ್ಲ ಎಂದು ಪುಟ್ಟಲಕ್ಷ್ಮಮ್ಮ ಬೈಯುತ್ತಲೇ ಅರಿಶಿನ ಒತ್ತುತ್ತಿದ್ದಾರೆ.

ಜೀಪು ನಿಲ್ಲುತ್ತದೆ. ಇಳಿದ ಸಾಹೇಬರು ಬೋಳುತಲೆ ಕಂಡು ದನಿ ತಗ್ಗಿಸಿ, ಯಾರು ತೀರಿಕೊಂಡರು ಎಂದು ಕೇಳುತ್ತಾರೆ.

ಚಿಕ್ಕಮಾದಯ್ಯ ಎದ್ದು ನಿಂತು ಕೈ ಮುಗಿಯುತ್ತಾರೆ.

"ನನ್ ಪ್ರಾಯ ಸ್ವಾಮಿ. ಹೋಗಿ ಬಾಳ ದಿನ ಆಯ್ತು, ನೀವೇ ನಂಬ್ನಿಲ್ಲ."